ಜಿಡ್ಡೆಲ್ಲ ಒಂದೇ ಜಿಡ್ಡಲ್ಲ

ನಮಸ್ಕಾರ. ಕಳೆದ ಸಂಚಿಕೆಯನ್ನು ಕೇಳಿದ ಒಬ್ಬರು ನನಗೆ ಬರೆದ ಎರಡು ಸಾಲುಗಳು ನಾಲ್ಕು ದಿನಗಳಿಂದ ನನ್ನನ್ನು ಕಾಡುತ್ತಿವೆ. ‘ರಿವಾಲ್ವರಿನ ಫೆಲ್ಟ್ ಬಿಲ್ಲೆಗೆ ಕುರಿಕೊಬ್ಬು, ಜೇನುಮೇಣ ಎಂದು ಇಷ್ಟು ಪರದಾಡುವುದೇಕೆ ಸರ್? ಔಷಧಿ ಅಂಗಡಿಯ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಲದೇ? ಜಿಡ್ಡು ಜಿಡ್ಡೇ ಅಲ್ಲವೇ?’ ಎಂದು ಅವರು ಕೇಳಿದ್ದಾರೆ. ಅಲ್ಲ, ಜಿಡ್ಡೆಲ್ಲ ಒಂದೇ ಜಿಡ್ಡಲ್ಲ. ಇಂದು ನಾನು ಹೇಳಲು ಕುಳಿತಿರುವುದು ಇದೊಂದನ್ನೇ.

ಹೊಸದಾಗಿ ಸೇರಿಕೊಂಡವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇಲ್ಲಿ ಓಹಾಯೋದ ಗುಂಡು ಹಾರಿಸುವ ಮೈದಾನದಲ್ಲಿ ನಾನು ಬಳಸುವುದು ರೆಮಿಂಗ್ಟನ್ ನ್ಯೂ ಮಾಡೆಲ್ ಆರ್ಮಿ ಎಂಬ ಹಳೆಯ ರಿವಾಲ್ವರಿನ ಪ್ರತಿಕೃತಿಯನ್ನು. ನಳಿಗೆಯ ಮೇಲೆ ಕೆತ್ತುತ್ತಿದ್ದ ಪೇಟೆಂಟ್ ದಿನಾಂಕದಿಂದಾಗಿ ಎಲ್ಲರೂ ಅದನ್ನು 1858 ಎಂದೇ ಕರೆಯುತ್ತಾರೆ. ಅದಕ್ಕೆ ಹಿತ್ತಾಳೆಯ ತೋಟೆಗಳಿಲ್ಲ. ಸಿಲಿಂಡರಿನ ಆರು ಗೂಡುಗಳಿಗೂ ಮುಂದಿನಿಂದ ಕಪ್ಪು ಮದ್ದನ್ನು ಸುರಿದು, ಅದರ ಮೇಲೆ ಜಿಡ್ಡಿನಲ್ಲಿ ಅದ್ದಿದ ಫೆಲ್ಟ್ (ನೆಯ್ಯದೆ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬಿಲ್ಲೆಯನ್ನಿಟ್ಟು, ಅದರ ಮೇಲೆ ಸೀಸದ ಗುಂಡನ್ನಿಟ್ಟು ಲಿವರಿನಿಂದ ಒತ್ತಿ, ಕೊನೆಯಲ್ಲಿ ಹಿಂಬದಿಗೆ ಕೇಪು ಹಾಕಬೇಕು. ನಮ್ಮ ತೀರ್ಥಹಳ್ಳಿಯ ಕಡೆಯ ಕೇಪಿನ ಕೋವಿಯನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ನನ್ನ ಅಜ್ಜ ಬಿಲ್ಲೆಯ ಜಾಗದಲ್ಲಿ ತೆಂಗಿನ ನಾರನ್ನು ಉಂಡೆಮಾಡಿ ಗಜದ ಕೋಲಿನಿಂದ ನಳಿಗೆಯೊಳಕ್ಕೆ ಜಡಿಯುತ್ತಿದ್ದರು.

ಕಪ್ಪು ಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಅದು ಹೊತ್ತಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಕಿಟ್ಟವಾಗುತ್ತದೆ ಮತ್ತು ಅದರಲ್ಲೊಂದಿಷ್ಟು ನಳಿಗೆಯ ಒಳಮೈಗೂ ಸಿಲಿಂಡರ್ ತಿರುಗುವ ಕಡ್ಡಿಗೂ ಹತ್ತಿಕೊಳ್ಳುತ್ತದೆ. ಆ ಕಿಟ್ಟ ಮೆತ್ತಗಿದ್ದರೆ ಮುಂದಿನ ಗುಂಡಿನ ಹಿಂದೆ ಬರುವ ಬಿಲ್ಲೆ ಅದನ್ನು ಒರೆಸಿಕೊಂಡು ಹೋಗುತ್ತದೆ. ಒಣಗಿ ಗಟ್ಟಿಯಾದರೆ ಗುರಿಯೂ ಕೆಡುತ್ತದೆ, ಸಿಲಿಂಡರೂ ತಿರುಗುವುದಿಲ್ಲ. ಬಿಲ್ಲೆಯ ಮುಖ್ಯ ಕೆಲಸ ಈ ಕಿಟ್ಟವನ್ನು ಮೆತ್ತಗಿಡುವುದೇ ಆಗಿದೆ. ಪ್ರಾಣಿಕೊಬ್ಬು, ಜೇನುಮೇಣ, ಸಸ್ಯದ ಎಣ್ಣೆ ಈ ಕೆಲಸವನ್ನು ಮಾಡುತ್ತವೆ. ಪೆಟ್ರೋಲಿಯಂ ಗ್ರೀಸು ಇದೇ ಕಿಟ್ಟದೊಡನೆ ಸೇರಿ ಟಾರಿನಂತಾಗುತ್ತದೆ.

ನಾನಿದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಮೊದಲ ವರ್ಷ ನಾನೂ ಕಾರಿನ ಬೇರಿಂಗಿಗೆ ಹಾಕುವ ಗ್ರೀಸನ್ನು ಬಿಲ್ಲೆಗೆ ಸವರಿದ್ದೆ. ಹದಿನಾಲ್ಕನೆಯ ಗುಂಡಿಗೆ ಸಿಲಿಂಡರ್ ಹೆಬ್ಬೆರಳಿಗೆ ಬಗ್ಗಲಿಲ್ಲ. ಕೋಲ್ಟ್ ರಿವಾಲ್ವರಿನ ಕಡ್ಡಿ ದಪ್ಪವಾಗಿದ್ದು ಅದರ ಮೇಲೆ ಜಿಡ್ಡು ನಿಲ್ಲಲು ಗೀರುಗಳಿವೆ. ರೆಮಿಂಗ್ಟನ್ನಿನ ಕಡ್ಡಿ ತೆಳು ಮತ್ತು ನುಣುಪು, ಆದ್ದರಿಂದ ಅದು ಬೇಗ ಹಿಡಿಯುತ್ತದೆ. ಅಂದು ಸಂಜೆ ಬಿಸಿನೀರಿನಲ್ಲಿ ತಿಕ್ಕಿದರೂ ನಳಿಗೆಯೊಳಗಿನ ಕಪ್ಪು ಬಿಡಲಿಲ್ಲ. ಕುರಿಕೊಬ್ಬಿಗೆ ಬಂದ ಮೇಲೆ ಅದೇ ರಿವಾಲ್ವರಿನಲ್ಲಿ ಒಂದು ಮಧ್ಯಾಹ್ನಕ್ಕೆ ನಲವತ್ತೆಂಟು ಗುಂಡು ಹಾರಿಸಿದ್ದೇನೆ. ನಡುವೆ ಒಮ್ಮೆ ಕಡ್ಡಿಯನ್ನು ಒರೆಸಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಹೇಳಿ, ಜಿಡ್ಡು ಜಿಡ್ಡೇ ಹೌದೇ?

ಈಗ ಆಕ್ಷೇಪಗಳಿಗೆ ಬರುತ್ತೇನೆ. ‘ನಿಮ್ಮ ಜಿಡ್ಡಿನ ಮಿಶ್ರಣಕ್ಕೆ ನೀವು ಹಾಕುವ ಪ್ಯಾರಫಿನ್ ಮೇಣವೂ ಪೆಟ್ರೋಲಿಯಮ್ಮಿನದೇ ಅಲ್ಲವೇ’ ಎಂದು ಜಾಣತನ ತೋರುವವರಿದ್ದಾರೆ. ಹೌದು, ಅದರದೇ. ಅದು ಚೆನ್ನಾಗಿ ಶುದ್ಧಗೊಳಿಸಿದ ಗಟ್ಟಿ ಮೇಣ, ನನ್ನ ನಳಿಗೆಯಲ್ಲಿ ಅದು ಒಮ್ಮೆಯೂ ಟಾರು ಕಟ್ಟಿಲ್ಲ, ಅಷ್ಟು ಸಾಕು. ‘ಅಮೆರಿಕದ ಅಂತರ್ಯುದ್ಧದ ಸೈನಿಕರು ಫೆಲ್ಟ್ ಬಿಲ್ಲೆ ಬಳಸುತ್ತಿದ್ದರೇ’ ಎಂಬುದು ಮತ್ತೊಂದು ಪ್ರಶ್ನೆ. ಅವರಿಗೆ ಮದ್ದನ್ನೂ ಗುಂಡನ್ನೂ ಸೇರಿಸಿ ಕಟ್ಟಿದ ಕಾಗದದ ತೋಟೆಗಳು ಸರಬರಾಜಾಗುತ್ತಿದ್ದವು, ಅವರು ಭಾನುವಾರದ ಗುರಿ ಅಭ್ಯಾಸಕ್ಕೆ ಹೋದವರಲ್ಲ. ಪಕ್ಕದ ಗೂಡಿಗೆ ಬೆಂಕಿ ಹಾರದಂತೆ ತಡೆಯಲು ಯಾವ ಬಿಲ್ಲೆಯಾದರೂ ಆದೀತು ಎನ್ನುವವರು ಮೊದಲು ಗುಂಡನ್ನು ಸರಿಯಾಗಿ ಆರಿಸಿಕೊಳ್ಳಲಿ; ನನ್ನದರಂಥ .44 ಕ್ಯಾಲಿಬರಿನ (ಗುಂಡಿನ ಅಡ್ಡಳತೆಯನ್ನು ಇಂಚಿನಲ್ಲಿ ಸೂಚಿಸುವ ಹೆಸರು) ಗೂಡಿಗೆ .454 ಇಂಚಿನ ಗುಂಡನ್ನು ಒತ್ತಿದಾಗ ಅಂಚಿನಲ್ಲಿ ಸೀಸದ ಉಂಗುರ ಹೆರೆದು ಬರಬೇಕು. ಬಿಲ್ಲೆ ಅದಕ್ಕೆ ಸಹಾಯಕ ಮಾತ್ರ.

ಕೊಬ್ಬನ್ನು ಮುಟ್ಟುವುದಿಲ್ಲ ಎನ್ನುವವರ ಮಾತನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. ಎನ್‌ಫೀಲ್ಡ್ ತೋಟೆಯ ಜಿಡ್ಡಿನ ವಿಷಯದಲ್ಲಿ 1857ರಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತು. ಆ ವರ್ಷದ ಜನವರಿಯಲ್ಲೇ ಸರ್ಕಾರ ಜಿಡ್ಡಿಲ್ಲದ ತೋಟೆಗಳನ್ನು ಕೊಟ್ಟು, ಸಿಪಾಯಿಗಳು ತಮಗೆ ಒಪ್ಪುವುದನ್ನು ತಾವೇ ಸವರಿಕೊಳ್ಳಲಿ ಎಂದಿತು, ಆದರೆ ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ನಿಮಗೆ ಕೊಬ್ಬು ಬೇಡವಾದರೆ ಜೇನುಮೇಣಕ್ಕೆ ಆಲಿವ್ ಎಣ್ಣೆಯನ್ನು ಬೆರೆಸಿಕೊಳ್ಳಿ. ಪೆಟ್ರೋಲಿಯಂ ಜೆಲ್ಲಿ ಮಾತ್ರ ಬೇಡ.

ನನ್ನ ಅಳತೆಯನ್ನು ಮತ್ತೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ತೂಕದಲ್ಲಿ ಕುರಿಕೊಬ್ಬು 100 ಗ್ರಾಂ, ಪ್ಯಾರಫಿನ್ 100 ಗ್ರಾಂ, ಜೇನುಮೇಣ 50 ಗ್ರಾಂ. ಪಾತ್ರೆಯನ್ನು ನೇರ ಉರಿಯ ಮೇಲೆ ಇಡದೆ, ಬಿಸಿನೀರಿರುವ ಇನ್ನೊಂದು ಪಾತ್ರೆಯೊಳಗಿಟ್ಟು ಕರಗಿಸಿ. ಮದ್ದಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಫೆಲ್ಟ್ ಶುದ್ಧ ಉಣ್ಣೆಯದಾಗಿರಬೇಕು, ದಪ್ಪ ಸುಮಾರು 3 ಮಿಲಿಮೀಟರ್. ಅನುಮಾನವಿದ್ದರೆ ಒಂದು ಎಳೆಯನ್ನು ಸುಟ್ಟು ನೋಡಿ: ಉಣ್ಣೆಗೆ ಸುಟ್ಟ ಕೂದಲಿನ ವಾಸನೆ ಇರುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ ಮತ್ತು ನಳಿಗೆಯಲ್ಲೂ ಹಾಗೆಯೇ ಕರಗುತ್ತದೆ. ಊರಿನ ಕಂಬಳಿಯನ್ನು ಕತ್ತರಿಸಬಹುದೇ ಎಂದು ತಂಗಿ ಕೇಳಿದ್ದಳು. ಕಂಬಳಿ ನೆಯ್ದದ್ದು, ಬಿಲ್ಲೆ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ನನ್ನದಕ್ಕಿಂತ ಚಿಕ್ಕದಾದ .36ರ ರಿವಾಲ್ವರಿಗೆ 3/8 ಇಂಚಿನ ತೂತುಉಳಿ ಸಾಕು. ಕತ್ತರಿಸಿದ ಬಿಲ್ಲೆಗಳನ್ನು ಕರಗಿದ ಜಿಡ್ಡಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಹಿಂಡಿ, ಆರಿಸಿ ತಗಡಿನ ಡಬ್ಬಿಯಲ್ಲಿಡಿ. ತುಂಬಿದ ರಿವಾಲ್ವರನ್ನು ದಿನಗಟ್ಟಲೆ ಇಡಬೇಡಿ, ಜಿಡ್ಡು ಮದ್ದಿಗೆ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೂ ‘ನನಗೆ ಜೆಲ್ಲಿಯಿಂದ ಏನೂ ಆಗಿಲ್ಲ’ ಎನ್ನುವವರು ಒಂದು ಮಧ್ಯಾಹ್ನಕ್ಕೆ ಎಷ್ಟು ಗುಂಡು ಹಾರಿಸುತ್ತಾರೆಂದು ಮೊದಲು ಹೇಳಲಿ. ಹನ್ನೆರಡು ಹಾರಿಸಿ ಮನೆಗೆ ಹೋಗುವವರ ಅನುಭವ ನನಗೆ ಬೇಡ. ಟಾರು ಟಾರೇ! ಅದನ್ನು ತಿಕ್ಕಿ ತೆಗೆದ ಕೈ ನನ್ನದು.

ಮುಂದಿನ ಸಂಚಿಕೆಯಲ್ಲಿ ಎರಡು ಸಿಲಿಂಡರುಗಳನ್ನು ಇಟ್ಟುಕೊಂಡು, ಒಂದಕ್ಕೆ ನನ್ನ ಬಿಲ್ಲೆಗಳನ್ನೂ ಇನ್ನೊಂದಕ್ಕೆ ಜೆಲ್ಲಿ ಸವರಿದ ಬಿಲ್ಲೆಗಳನ್ನೂ ಹಾಕಿ, ಕ್ಯಾಮೆರಾ ನಿಲ್ಲಿಸದೆ ಮೂವತ್ತಾರು ಮೂವತ್ತಾರು ಗುಂಡು ಹಾರಿಸಿ ತೋರಿಸುತ್ತೇನೆ. ಚಾನೆಲ್ಲಿಗೆ ಚಂದಾದಾರರಾಗಿಲ್ಲದಿದ್ದರೆ ಈಗಲೇ ಆಗಿ, ಗಂಟೆಯ ಗುರುತನ್ನೂ ಒತ್ತಿ. ಪ್ರಶ್ನೆ ಕೇಳಿದ ಮಹನೀಯರೇ, ನೀವು ತಪ್ಪದೆ ನೋಡಬೇಕು; ಕಡ್ಡಿಯನ್ನು ಎಳೆದು ತೆಗೆಯುವ ಹೊತ್ತಿಗೆ ಕ್ಯಾಮೆರಾವನ್ನು ಹತ್ತಿರಕ್ಕೇ ತರುತ್ತೇನೆ.