ಕೀಲು ಹಿಡಿದವರ ಹಲ್ಲು

ಕೇಳುಗರೇ, ನಮಸ್ಕಾರ.

ದಂತವೈದ್ಯಳಾಗಿ ನಾನು ಓದಿ ಕಲಿತದ್ದು ಬಾಯಿ ನೋಡುವುದನ್ನು. ಕೈಯನ್ನೂ ನೋಡಬೇಕೆಂದು ಕಲಿಸಿದವರು ಅರವತ್ತು ದಾಟಿದ ಒಬ್ಬ ತಾಯಿ. ಅಂದು ಅವರು ಬಂದಿದ್ದು ಮೂರನೆಯ ಸಲ. ಮೂರೂ ಸಲ ವಸಡು ಊದಿಕೊಂಡಿತ್ತು, ಮುಟ್ಟಿದರೆ ರಕ್ತ. ಹಿಂದಿನ ಎರಡು ಸಲವೂ ನಾನು ಗದರಿಸಿಯೇ ಕಳಿಸಿದ್ದೆ, ‘ಅಮ್ಮಾ, ಸರಿಯಾಗಿ ಹಲ್ಲುಜ್ಜಿ’ ಎಂದು. ಅಂದು ಬಾಯಿ ಮುಕ್ಕಳಿಸಲು ಲೋಟ ಕೊಟ್ಟರೆ, ಎರಡು ಅಂಗೈಗಳ ನಡುವೆ ಒತ್ತಿ ಎತ್ತಿಕೊಂಡರು. ಗೆಣ್ಣುಗಳು ಊದಿ, ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ಬ್ರಷ್ ಹಿಡಿಯೋಕಾಗುತ್ತಾ ಎಂದು ಕೇಳಿದೆ. ‘ಬೆಳಗ್ಗೆ ಹೊತ್ತು ಬೆರಳು ಮಡಚೋದೇ ಇಲ್ಲ ಡಾಕ್ಟ್ರೇ. ನೀವು ಬೈತೀರ ಅಂತ ಹೇಳಲಿಲ್ಲ’ ಎಂದರು. ತಪ್ಪು ನನ್ನದಾಗಿತ್ತು.

ಅವರಿಗಿದ್ದದ್ದು ರುಮಟಾಯ್ಡ್ ಸಂಧಿವಾತ. ವಯಸ್ಸಾದಂತೆ ಮಂಡಿ ಸವೆಯುವುದು ಬೇರೆ, ಇದು ಬೇರೆ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಗ್ಗೆ ಎದ್ದ ಮೇಲೆ ಒಂದು ತಾಸಾದರೂ ಕೈ ಸಡಿಲವಾಗುವುದಿಲ್ಲ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ತಿಂಗಳುಗಟ್ಟಲೆ ಕೈಕಾಲು ಹಿಡಿದುಕೊಂಡು ನರಳಿದವರಿಗೆ ಆ ಬೆಳಗಿನ ಬಿಗಿತ ಎಂಥದ್ದೆಂದು ನಾನು ಹೇಳಬೇಕಾಗಿಲ್ಲ. ನಾವು ಹಲ್ಲುಜ್ಜುವುದೂ ಅದೇ ಹೊತ್ತಿನಲ್ಲಿ!

ಹಾಗಿದ್ದರೆ ಉಜ್ಜುವ ಹೊತ್ತನ್ನೇ ಬದಲಾಯಿಸಿ. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಕಾಫಿ ಕುಡಿಯಿರಿ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಬೆರಳು ಸಡಿಲವಾದ ಮೇಲೆ ನಿಧಾನವಾಗಿ ಉಜ್ಜಿ. ರಾತ್ರಿಯ ಹಲ್ಲುಜ್ಜುವಿಕೆಯನ್ನಂತೂ ಬಿಡಬೇಡಿ. ಬ್ರಷ್ಷಿನ ಹಿಡಿ ಸಣ್ಣದಿದ್ದಷ್ಟೂ ಬೆರಳಿಗೆ ಕಷ್ಟ. ಸೈಕಲ್ ಅಂಗಡಿಯಲ್ಲಿ ಹ್ಯಾಂಡಲ್ಲಿಗೆ ಹಾಕುವ ರಬ್ಬರ್ ಗ್ರಿಪ್ ಸಿಗುತ್ತದಲ್ಲ, ಅದರೊಳಗೆ ಬಟ್ಟೆ ತುರುಕಿ ಬ್ರಷ್ಷಿನ ಹಿಡಿಯನ್ನು ಸಿಕ್ಕಿಸಿ. ಗ್ರಿಪ್ ಸಿಗದಿದ್ದರೆ ಮೆತ್ತನೆಯ ರಬ್ಬರ್ ಚೆಂಡಿಗೆ ತೂತು ಮಾಡಿ ತೂರಿಸಿ. ಹಿಡಿಯುವುದೇ ಆಗದಿದ್ದರೆ ಅಗಲವಾದ ಎಲಾಸ್ಟಿಕ್ ಪಟ್ಟಿಯಿಂದ ಬ್ರಷ್ಷನ್ನು ಅಂಗೈಗೆ ಕಟ್ಟಿಕೊಳ್ಳಬಹುದು. ಪೇಸ್ಟಿನ ಟ್ಯೂಬನ್ನು ಬೆರಳಲ್ಲಿ ಹಿಂಡುವ ಬದಲು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ. ಕೊಳ್ಳುವ ಶಕ್ತಿ ಇದ್ದರೆ ಬ್ಯಾಟರಿ ಬ್ರಷ್ ಒಳ್ಳೆಯದು, ಅದರ ಹಿಡಿಯೂ ದಪ್ಪ.

ಇನ್ನು ದವಡೆಯ ಕೀಲು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ, ಅಲ್ಲಿ ಒಂದು ಗುಬುಟು ಜಾರುವುದು ತಿಳಿಯುತ್ತದೆ. ಸಂಧಿವಾತ ಅದನ್ನೂ ಬಿಡುವುದಿಲ್ಲ. ಮಕ್ಕಳಿಗೆ ಬಂದರೆ ಕೆಳದವಡೆಯ ಬೆಳವಣಿಗೆಯೇ ಕುಂಠಿತವಾಗಿ ಗದ್ದ ಹಿಂದಕ್ಕೆ ಹೋದಂತೆ ಕಾಣಬಹುದು. ದವಡೆಯ ಕೀಲು ಹಿಡಿದವರು ಅರ್ಧ ಗಂಟೆ ಬಾಯಿ ತೆರೆದು ಮಲಗಲಾರರು. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ, ನಡುನಡುವೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತೇವೆ. ಹಳೆಯ ಸಂಧಿವಾತದಲ್ಲಿ ಕತ್ತಿನ ಮೇಲ್ತುದಿಯ ಮೂಳೆಗಳೂ ಸಡಿಲವಾಗಿರಬಹುದು. ಹಾಗಾಗಿ ತಲೆ ಹಿಂದಕ್ಕೆ ಬಗ್ಗಿಸುವ ಮುಂಚೆ ಕತ್ತಿಗೊಂದು ದಿಂಬು ಕೇಳಿ ಪಡೆಯಿರಿ.

ಕೆಲವರಿಗೆ ಬಾಯಿಯ ಪಸೆಯೇ ಆರಿಹೋಗುತ್ತದೆ. ಚಪಾತಿ ನುಂಗಲು ತುತ್ತಿಗೊಂದು ಗುಟುಕು ನೀರು ಬೇಕು, ಕಣ್ಣೂ ಉರಿಯುತ್ತದೆ. ಇದಕ್ಕೆ ಶೋಗ್ರೆನ್ಸ್ ಕಾಯಿಲೆ ಎನ್ನುತ್ತಾರೆ. ಎಂಜಲು ನಮ್ಮ ಹಲ್ಲಿನ ಕಾವಲು. ಅದಿಲ್ಲದಿದ್ದರೆ ಹಲ್ಲಿನ ಬುಡದಲ್ಲೇ ಹುಳುಕು ಹತ್ತುತ್ತದೆ. ಬಾಯಿ ಒಣಗುತ್ತದೆಂದು ಪೆಪ್ಪರ್‌ಮೆಂಟು ಚೀಪುತ್ತಾ ಕೂತರೆ ಹುಳುಕು ಇನ್ನೂ ಬೇಗ.

ವಸಡಿನ ರೋಗಕ್ಕೂ ಕೀಲಿಗೂ ನಂಟುಂಟೇ ಎಂದು ಬಹಳ ಜನ ಕೇಳುತ್ತಾರೆ. ಉಂಟು. ವಸಡಿನಲ್ಲಿ ವಾಸಿಸುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ನಮ್ಮದೇ ಪ್ರೋಟೀನುಗಳ ರೂಪವನ್ನು ಬದಲಿಸಬಲ್ಲದು. ಹಾಗೆ ರೂಪ ಬದಲಾದ ಪ್ರೋಟೀನುಗಳ ವಿರುದ್ಧವೇ ಸಂಧಿವಾತದಲ್ಲಿ ದೇಹ ಕಾದಾಡುವುದು. ಆದರೆ ಈ ನಂಟಿನ ಹೆಸರಿನಲ್ಲಿ ಹಿಂದೆ ದೊಡ್ಡ ಅನಾಹುತವೂ ನಡೆದಿದೆ. 1900ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಬಾಯಿಯ ಕೀವೇ ಅನೇಕ ರೋಗಗಳ ಮೂಲ ಎಂದು ಬರೆದರು. ಆಮೇಲೆ ದಶಕಗಳ ಕಾಲ ಪಾಶ್ಚಾತ್ಯ ದೇಶಗಳಲ್ಲಿ ಕೀಲುನೋವೆಂದು ಬಂದವರ ಗಟ್ಟಿ ಹಲ್ಲುಗಳನ್ನೂ ಕಿತ್ತು ಎಸೆದರು. ಹಲ್ಲು ಹೋಯಿತು, ನೋವು ಉಳಿಯಿತು. ಹಾಗಾಗಿ ವಸಡಿಗೆ ಚಿಕಿತ್ಸೆ ಮಾಡಿಸಿ. ಕೀಲುನೋವು ಹೋಗುತ್ತದೆಂದು ಯಾರಾದರೂ ಹಲ್ಲು ಕೀಳಿಸಲು ಹೇಳಿದರೆ ಒಪ್ಪಬೇಡಿ.

ಮಾತ್ರೆಗಳ ವಿಷಯ ಬಹಳ ಮುಖ್ಯ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ ಮಾತ್ರ ನುಂಗುವ ಮಾತ್ರೆ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ಅಪಾಯ ಮೊದಲು ಕಾಣಿಸುವುದು ಬಾಯಲ್ಲೇ ಇರಬಹುದು. ಬಾಯೆಲ್ಲ ಹುಣ್ಣಾದರೆ ಉಷ್ಣವೆಂದುಕೊಂಡು ಮಜ್ಜಿಗೆ ಕುಡಿಯುತ್ತಾ ಕೂರಬೇಡಿ, ಅಂದೇ ವೈದ್ಯರ ಹತ್ತಿರ ಹೋಗಿ. ಮೂಳೆ ಟೊಳ್ಳಾಗುವ ಕಾಯಿಲೆಗೆ ವಾರದ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳಿಸುವ ಮೊದಲು ತಿಳಿಸಿ. ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಉಳಿಯುವುದುಂಟು. ಸ್ಟಿರಾಯ್ಡ್ ಮಾತ್ರೆಯನ್ನು ಹಲ್ಲು ಕೀಳಿಸಲೆಂದು ನೀವಾಗಿಯೇ ನಿಲ್ಲಿಸಬೇಡಿ. ಹೆಸರು ನೆನಪಿರದಿದ್ದರೆ ಮಾತ್ರೆಯ ಶೀಟನ್ನೇ ಕೈಯಲ್ಲಿ ಹಿಡಿದು ಬನ್ನಿ.

ಮಂಡಿ ಬದಲಿ ಆಪರೇಷನ್ ಆದವರು ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ನುಂಗಲೇಬೇಕೇ? ಸಾಮಾನ್ಯವಾಗಿ ಬೇಕಿಲ್ಲ ಎಂದು 2015ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಹೇಳಿತು. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರ ಮಾತು ಬೇರೆ, ಅವರಿಗೆ ಬೇಕು. ಚಿಕ್ಕಂದಿನಲ್ಲಿ ಗಂಟಲು ಕೆಟ್ಟು, ಕೀಲುಗಳು ಒಂದಾದ ಮೇಲೊಂದು ಊದಿ ರುಮ್ಯಾಟಿಕ್ ಜ್ವರ ಬಂದವರಲ್ಲಿ ಹೃದಯದ ಕವಾಟ ಹಾಳಾಗಿರುವುದುಂಟು. ಆ ಹಳೆಯ ಜ್ವರದ ಸಂಗತಿಯನ್ನೂ ಹೇಳಿ.

ಆ ತಾಯಿ ಮೊನ್ನೆ ಬಂದಿದ್ದರು. ಮೊಮ್ಮಗ ತನ್ನ ಹಳೆಯ ಸೈಕಲ್ಲಿನ ಕೆಂಪು ಗ್ರಿಪ್ ಹಾಕಿಕೊಟ್ಟ ಬ್ರಷ್ಷನ್ನು ಚೀಲದಿಂದ ತೆಗೆದು ತೋರಿಸಿದರು. ವಸಡು ಮುಕ್ಕಾಲು ಪಾಲು ಗಟ್ಟಿಯಾಗಿದೆ. ಕೆಳಗೆ ಎಡಗಡೆ ಮಾತ್ರ ಇನ್ನೂ ರಕ್ತ ಬರುತ್ತದೆ, ಆ ಕಡೆಗೆ ಮಣಿಕಟ್ಟು ತಿರುಗುವುದಿಲ್ಲವಂತೆ. ಜೊತೆಗೆ ಬಂದಿದ್ದ ಸೊಸೆಗೆ, ಹಿಂದೆ ನಿಂತು ಅತ್ತೆಯ ಆ ಮೂಲೆಯನ್ನು ಹೇಗೆ ಉಜ್ಜಬೇಕೆಂದು ತೋರಿಸಿಕೊಟ್ಟೆ.

ನಮಸ್ಕಾರ.