ಒಂದೇ ಸಲಕ್ಕೆ ತಾರಸಿ ಸೇರುವ ಟೆಲಿಸ್ಕೋಪ್

[ರಾತ್ರಿ. ತಾರಸಿಗೆ ಹತ್ತುವ ಕಿರಿದಾದ ಮೆಟ್ಟಿಲು. ಒಂದು ಕೈಯಲ್ಲಿ ಗಿಡ್ಡನೆಯ ಟೆಲಿಸ್ಕೋಪ್, ಇನ್ನೊಂದು ಕೈ ಕಂಬಿಯ ಮೇಲೆ.]

ನಮಸ್ಕಾರ ಎಲ್ಲರಿಗೂ. ಟೆಲಿಸ್ಕೋಪ್ ಕೊಳ್ಳಬೇಕು ಅಂತ ಆಸೆ ಇರುವವರಿಗೆ ನಾನು ಮೊದಲು ಒಂದು ಕೆಲಸ ಹೇಳುತ್ತೇನೆ. ಐದಾರು ಕೆಜಿ ಅಕ್ಕಿ ಚೀಲ ಹಿಡಿದುಕೊಂಡು, ರಾತ್ರಿ ಊಟ ಆದಮೇಲೆ ನಿಮ್ಮ ಮನೆಯ ತಾರಸಿ ಹತ್ತಿ. ಹಿತ್ತಲಿದ್ದರೆ ಹಿತ್ತಲಿಗೆ ಹೋಗಿ. ಸುಲಭವಾಯಿತಾ? ಹಾಗಾದರೆ ಅಷ್ಟು ತೂಕದ ಟೆಲಿಸ್ಕೋಪ್ ನಿಮಗೆ ಸರಿ. ಎರಡು ಮೂರು ಸಲ ಮೇಲೆ ಕೆಳಗೆ ಓಡಾಡಿ ಜೋಡಿಸಬೇಕಾದದ್ದು ಮೊದಲ ತಿಂಗಳು ಹೊರಗೆ ಬರುತ್ತದೆ. ಆಮೇಲೆ ಅಟ್ಟ ಸೇರುತ್ತದೆ.

ನನ್ನ ಮೊದಲ ಟೆಲಿಸ್ಕೋಪಿಗೆ ಹಾಗೇ ಆಯಿತು. ಡಬ್ಬದ ಮೇಲೆ ಶನಿಗ್ರಹದ ದೊಡ್ಡ ಬಣ್ಣದ ಚಿತ್ರ. ಪಕ್ಕದಲ್ಲಿ "525 ಪಟ್ಟು" ಅಂತ ಕೆಂಪಕ್ಷರ. ಮುಂದಿನ ಲೆನ್ಸಿನ ಅಗಲ 60 ಮಿಲಿಮೀಟರ್. ತೆಳು ಅಲ್ಯೂಮಿನಿಯಂ ಸ್ಟ್ಯಾಂಡ್. ಬೆರಳು ತಾಗಿದರೆ ಸಾಕು, ಚಂದ್ರ ಐದು ಸೆಕೆಂಡ್ ನಡುಗುತ್ತಿದ್ದ. ನಡುಕ ನಿಲ್ಲುವಷ್ಟರಲ್ಲಿ ಜಾರಿ ಹೊರಗೆ ಹೋಗಿರುತ್ತಿದ್ದ. ಅದು ಎರಡು ವರ್ಷ ಅಟ್ಟದ ಮೇಲಿತ್ತು. ಆ ಎರಡು ವರ್ಷ ನಾನು ಆಕಾಶವನ್ನೇ ನೋಡಲಿಲ್ಲ. ಅದು ನನಗೆ ಈಗಲೂ ಬೇಸರ.

[ಬಿಳಿ ಹಾಳೆಯ ಮೇಲೆ ಲೆಕ್ಕ ಬರೆಯುವ ಕೈ.]

ಈ 525 ಎಲ್ಲಿಂದ ಬಂತು? ಲೆಕ್ಕ ಸುಲಭ. ಟೆಲಿಸ್ಕೋಪಿನ ಫೋಕಲ್ ಲೆಂತ್ ತಗೊಳ್ಳಿ. ಶಾಲೆಯಲ್ಲಿ ಸಂಗಮ ದೂರ ಅಂತ ಓದಿದ್ದೇವಲ್ಲ, ಅದೇ. ಅದನ್ನು ಐಪೀಸಿನ, ಅಂದರೆ ನಾವು ಕಣ್ಣಿಡುವ ಪುಟ್ಟ ಲೆನ್ಸಿನ, ಫೋಕಲ್ ಲೆಂತ್‌ನಿಂದ ಭಾಗಿಸಿ. 700 ಮಿಲಿಮೀಟರ್ ಕೊಳವೆಗೆ 4 ಮಿಲಿಮೀಟರ್ ಐಪೀಸ್ ಹಾಕಿದರೆ 175 ಪಟ್ಟು. ಮಧ್ಯೆ ಪಟ್ಟನ್ನು ಮೂರರಷ್ಟು ಮಾಡುವ ಬಾರ್ಲೋ ಲೆನ್ಸ್ ತುರುಕಿದರೆ 525. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಣ್ಣಿಟ್ಟರೆ ಕಾಣುವುದು ಮಸುಕು ಕತ್ತಲೆ.

ಯಾಕೆ ಅಂದರೆ, ಟೆಲಿಸ್ಕೋಪಿನ ಮೊದಲ ಕೆಲಸ ಬೆಳಕು ಹಿಡಿಯುವುದು. ಮಳೆ ನೀರು ಹಿಡಿಯಲು ಲೋಟ ಇಡುತ್ತೀರೋ ಕೊಪ್ಪರಿಗೆ ಇಡುತ್ತೀರೋ, ಅಷ್ಟೇ ಪ್ರಶ್ನೆ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲ ತೆರೆಯುತ್ತದೆ. ಕೆಲವು ಟೆಲಿಸ್ಕೋಪುಗಳಲ್ಲಿ ಲೆನ್ಸಿನ ಬದಲು ಕನ್ನಡಿ ಬೆಳಕು ಹಿಡಿಯುತ್ತದೆ. 130 ಮಿಲಿಮೀಟರ್ ಕನ್ನಡಿ ಕಣ್ಣಿನ ಪಾಪೆಯ ಮುನ್ನೂರು ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತದೆ. ನನ್ನ ಹಳೆಯ 60 ಮಿಲಿಮೀಟರ್ ಲೆನ್ಸಿಗೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಜಾಸ್ತಿ. ಇದ್ದಷ್ಟೇ ಬೆಳಕನ್ನು ಎಳೆದು ದೊಡ್ಡದು ಮಾಡುತ್ತಾ ಹೋದರೆ ಅದು ತೆಳುವಾಗುತ್ತದೆ. ಅನುಭವಿಗಳು ಇಟ್ಟುಕೊಂಡಿರುವ ಅಂದಾಜು ಇದು: ಅಗಲ ಎಷ್ಟು ಮಿಲಿಮೀಟರೋ, ಅದರ ಎರಡರಷ್ಟು ಪಟ್ಟು ಕೊನೆಯ ಮಿತಿ. 60ಕ್ಕೆ 120. 130ಕ್ಕೆ 260. ಅದೂ ಗಾಳಿ ತುಂಬಾ ಶಾಂತವಾಗಿದ್ದ ರಾತ್ರಿ.

ಅದಕ್ಕೆ ಡಬ್ಬದ ಮೇಲೆ ಪಟ್ಟು ಅಂತ ದೊಡ್ಡದಾಗಿ ಬರೆದಿದ್ದರೆ ದಯವಿಟ್ಟು ಆ ಡಬ್ಬ ಕೆಳಗಿಡಿ. ಮಕ್ಕಳ ಹುಟ್ಟುಹಬ್ಬಕ್ಕೆ ಅಂತೂ ಬೇಡವೇ ಬೇಡ. ಮೊದಲ ಸಲ ನೋಡಿದಾಗ ಏನೂ ಕಾಣದಿದ್ದರೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಇನ್ನು ಸ್ಟ್ಯಾಂಡ್. ನನ್ನ ಪ್ರಕಾರ ಲೆನ್ಸಿನಷ್ಟೇ ಮುಖ್ಯವಾದದ್ದು ಇದು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು, ಸುಮ್ನೆ ಎಡ ಬಲ, ಮೇಲೆ ಕೆಳಗೆ ತಿರುಗುವುದು. ಇನ್ನೊಂದು ಈಕ್ವಟೋರಿಯಲ್ ಸ್ಟ್ಯಾಂಡ್. ಅದರಲ್ಲಿ ಭಾರದ ಕಬ್ಬಿಣದ ಗುಂಡು ಇರುತ್ತದೆ, ನೋಡಲು ದೊಡ್ಡ ಉಪಕರಣದ ಹಾಗೆ ಕಾಣುತ್ತದೆ. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಅದರ ಅಕ್ಷ ಧ್ರುವ ನಕ್ಷತ್ರದ ಕಡೆ ತಿರುಗಿರಬೇಕು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿರುತ್ತದೆ? ನಿಮ್ಮ ಊರಿನ ಅಕ್ಷಾಂಶದಷ್ಟು. ಬೆಂಗಳೂರಿನಲ್ಲಿ ಬರೀ 13 ಡಿಗ್ರಿ. ಅಂದರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಬೀದರ್‌ನಲ್ಲಿ ಸುಮಾರು 18. ಯುರೋಪಿನ ಹಿತ್ತಲಲ್ಲಿ ಕೂತವರಿಗೆ ಅದು 50 ಡಿಗ್ರಿ ಎತ್ತರದಲ್ಲಿ ಆರಾಮಾಗಿ ಸಿಗುತ್ತದೆ. ನಮಗೆ ಆ ತಾಪತ್ರಯ ಬೇಡ. ಫೋಟೋ ತೆಗೆಯುವ ಹುಚ್ಚು ಹಿಡಿದ ಮೇಲೆ ಯೋಚಿಸಿದರಾಯಿತು.

[ಟೆಲಿಸ್ಕೋಪ್ ಹತ್ತಿರದಿಂದ. ಮರದ ಬುಡ, ಅದರ ಮೇಲೆ ಒಂದೇ ತೋಳು, ತೋಳಿಗೆ ಕೊಳವೆ.]

ಹಾಗಾದರೆ ಏನು ಕೊಳ್ಳೋಣ? ನಾನು ಬಳಸುವುದು ಇದು. ಮೇಜಿನ ಮೇಲೆ ಇಡುವ ಡಾಬ್ಸೋನಿಯನ್. ಒಳಗೆ 130 ಮಿಲಿಮೀಟರ್ ಕನ್ನಡಿ, ಫೋಕಲ್ ಲೆಂತ್ 650. ತೂಕ 6 ಕೆಜಿ ಆಸುಪಾಸು. ಮೂರು ಕಾಲಿನ ಸ್ಟ್ಯಾಂಡೇ ಇಲ್ಲ. ಕೊಳವೆಯನ್ನು ಕೈಯಿಂದ ತಳ್ಳಿದರೆ ತಿರುಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ.

ಈ ವಿನ್ಯಾಸ ಹುಟ್ಟಿದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜಾನ್ ಡಾಬ್ಸನ್ ಅಂತ ಒಬ್ಬರು. 1915ರಲ್ಲಿ ಚೀನಾದ ಬೀಜಿಂಗ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಿದವರು. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ನಮ್ಮ ಮೈಸೂರು, ಬೆಂಗಳೂರಿನ ರಾಮಕೃಷ್ಣ ಆಶ್ರಮಗಳಿವೆಯಲ್ಲ, ಅದೇ ಪರಂಪರೆ. ಸನ್ಯಾಸಿಯ ಕೈಯಲ್ಲಿ ದುಡ್ಡೆಲ್ಲಿ? ಹಳೆಯ ಹಡಗಿನ ಕಿಟಕಿಯ ದಪ್ಪ ಗಾಜನ್ನು ತಂದು, ತಾವೇ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ, ಅಷ್ಟೇ. ಬೀದಿ ಬದಿಗೆ ತಂದಿಟ್ಟು ಹೋಗಿ ಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. 1967ರಲ್ಲಿ ಮಠದಿಂದ ಹೊರಬಂದ ಮೇಲೂ ಅದನ್ನು ಬಿಡಲಿಲ್ಲ. 2014ರಲ್ಲಿ ತೀರಿಕೊಂಡರು. ತೊಂಬತ್ತೆಂಟು ವರ್ಷ ಬದುಕಿದರು. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಇವತ್ತು ನಮ್ಮ ಕೈಗೆಟಕುವ ಬೆಲೆಯಲ್ಲಿ ಒಳ್ಳೆಯ ಟೆಲಿಸ್ಕೋಪ್ ಸಿಗುತ್ತಿದ್ದರೆ ಅದರ ಹಿಂದೆ ಅವರಿದ್ದಾರೆ.

130 ದುಬಾರಿಯಾದರೆ 114 ಮಿಲಿಮೀಟರ್ ಮೇಜಿನ ಡಾಬ್ಸೋನಿಯನ್ ಸಾಕು. ಗಟ್ಟಿ ಸ್ಟ್ಯಾಂಡ್ ಇರುವ 70 ಮಿಲಿಮೀಟರ್ ಲೆನ್ಸ್ ಟೆಲಿಸ್ಕೋಪ್ ಕೂಡ ಚಂದ್ರನಿಗೆ ಚೆನ್ನ. ಅದೂ ಆಗದಿದ್ದರೆ 10x50 ಬೈನಾಕ್ಯುಲರ್, ಅಂದರೆ 10 ಪಟ್ಟು, 50 ಮಿಲಿಮೀಟರ್ ಲೆನ್ಸಿನದು. ತಾನೇ ನಕ್ಷತ್ರ ಹುಡುಕುವ ಮೋಟಾರಿನದ್ದು ಈಗಲೇ ಬೇಡ. ಅದೇ ದುಡ್ಡಿಗೆ ದೊಡ್ಡ ಕನ್ನಡಿ ಬರುತ್ತದೆ.

ಮೇಜಿನ ಟೆಲಿಸ್ಕೋಪ್ ಅಂದೆ. ಆದರೆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಮಾತ್ರ ಇಡಬೇಡಿ, ಅಲುಗಾಡುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಒಂದಿದೆ. ಬಟ್ಟೆ ಒಗೆಯುವ ಕಲ್ಲು! ಅದರಷ್ಟು ಗಟ್ಟಿಯಾದ ಪೀಠ ಯಾವ ಕಂಪನಿಯೂ ಕೊಡುವುದಿಲ್ಲ. ಸೊಂಟದೆತ್ತರ ಇರುತ್ತದೆ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ನೋಡಬಹುದು. ಒರೆಸಿ ಒಣಗಿಸಿ, ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಸಿ.

[ಹಗಲು. ದೂರದ ತೆಂಗಿನ ಮರ. ಕೊಳವೆಯ ಮೇಲಿನ ಪುಟ್ಟ ಫೈಂಡರ್.]

ಮೊದಲ ದಿನ ಹಗಲಲ್ಲೇ ಒಂದು ಕೆಲಸ ಮುಗಿಸಿಕೊಳ್ಳಿ. ಕೊಳವೆ ಎತ್ತ ತಿರುಗಿದೆ ಅಂತ ತೋರಿಸಲು ಅದರ ಮೇಲೆ ಕೆಂಪು ಚುಕ್ಕಿಯ ಫೈಂಡರ್ ಇರುತ್ತದೆ. 25 ಮಿಲಿಮೀಟರ್ ಐಪೀಸ್ ಹಾಕಿ ಒಂದು ದೂರದ ತೆಂಗಿನ ಮರದ ಸುಳಿಯನ್ನೋ ಮೊಬೈಲ್ ಟವರಿನ ತುದಿಯನ್ನೋ ಮಧ್ಯಕ್ಕೆ ತನ್ನಿ. ಚಿತ್ರ ತಲೆಕೆಳಗಾಗಿ ಕಾಣುತ್ತದೆ, ಅದು ಸರಿಯೇ. ಈಗ ಫೈಂಡರಿನ ತಿರುಪು ತಿರುಗಿಸಿ ಕೆಂಪು ಚುಕ್ಕಿಯನ್ನೂ ಅಲ್ಲಿಗೇ ಕೂರಿಸಿ. ಇದನ್ನು ಮಾಡದೆ ರಾತ್ರಿ ಹೋದವರು ಅರ್ಧ ಗಂಟೆ ಕಪ್ಪು ಆಕಾಶವನ್ನೇ ನೋಡಿ ಮಲಗುತ್ತಾರೆ.

ಸೂರ್ಯ ಇರುವ ದಿಕ್ಕಿಗೆ ಮಾತ್ರ ಕೊಳವೆ ತಿರುಗಿಸಲೇಬೇಡಿ. ಒಂದು ಕ್ಷಣ ಸಾಕು ಕಣ್ಣು ಹೋಗಲು. ಕೆಲವು ಡಬ್ಬಗಳಲ್ಲಿ ಐಪೀಸಿಗೆ ತಿರುಗಿಸುವ ಪುಟ್ಟ ಸೂರ್ಯ ಫಿಲ್ಟರ್ ಕೊಡುತ್ತಾರೆ. ಬಿಸಿಗೆ ಅದು ಸೀಳುತ್ತದೆ. ಇವತ್ತೇ ಎಸೆಯಿರಿ. ಸೂರ್ಯನನ್ನು ನೋಡಲೇಬೇಕಿದ್ದರೆ ಕೊಳವೆಯ ಮುಂಬದಿ ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಬೇಕು. ಹಗಲು ಟೆಲಿಸ್ಕೋಪ್ ಹೊರಗಿದ್ದರೆ ಮಕ್ಕಳನ್ನು ಅದರ ಹತ್ತಿರ ಒಂಟಿಯಾಗಿ ಬಿಡಬೇಡಿ.

ಈಗ ರಾತ್ರಿ. ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯ ತನಕ ಗುರುತು ಹಾಕಿಕೊಳ್ಳಿ. ಹುಣ್ಣಿಮೆಗೆ ಕಾಯಬೇಡಿ. ಹುಣ್ಣಿಮೆಯ ಚಂದ್ರನ ಮೇಲೆ ಬಿಸಿಲು ನೇರ ಬಿದ್ದು ನೆರಳೇ ಇರುವುದಿಲ್ಲ, ನೆರಳಿಲ್ಲದೆ ಗುಂಡಿ ಯಾವುದು ಗುಡ್ಡ ಯಾವುದು ತಿಳಿಯುವುದಿಲ್ಲ. ಅಷ್ಟಮಿಯ ದಿನ ಕತ್ತಲೂ ಬೆಳಕೂ ಕೂಡುವ ಗೆರೆಯ ಉದ್ದಕ್ಕೂ ನೋಡಿ. ಗುಂಡಿಯ ತಳ ಕಪ್ಪು, ಅಂಚು ಬೆಳ್ಳಗೆ. ಕತ್ತಲ ಕಡೆಗೆ ಒಂದೊಂದು ಬೆಳಕಿನ ಚುಕ್ಕಿ ಒಂಟಿಯಾಗಿ ಹೊಳೆಯುತ್ತಿರುತ್ತದೆ. ಅದು ಬೆಟ್ಟದ ತುದಿ. ಅಲ್ಲಿ ಈಗಷ್ಟೇ ಬೆಳಗಾಗಿದೆ, ಬುಡದಲ್ಲಿ ಇನ್ನೂ ರಾತ್ರಿ. ಅರ್ಧ ಗಂಟೆ ಬಿಟ್ಟು ಅದೇ ಚುಕ್ಕಿ ನೋಡಿ. ಸ್ವಲ್ಪ ಅಗಲವಾಗಿರುತ್ತದೆ.

ಯಾವಾಗಲೂ 25ರ ಐಪೀಸಿನಿಂದ ಶುರು ಮಾಡಿ. ನನ್ನ ಕೊಳವೆಯಲ್ಲಿ ಅದು 26 ಪಟ್ಟು. ಸಿಕ್ಕಿದ ಮೇಲೆ 10ರ ಐಪೀಸ್, 65 ಪಟ್ಟು. ಭೂಮಿ ತಿರುಗುವುದರಿಂದ ಎರಡು ಮೂರು ನಿಮಿಷಕ್ಕೆ ಎಲ್ಲವೂ ಜಾರಿ ಆಚೆ ಹೋಗುತ್ತದೆ. ಕೊಳವೆಯನ್ನು ಮೆಲ್ಲಗೆ ತಳ್ಳುತ್ತಿರಬೇಕು, ತೊಟ್ಟಿಲು ತೂಗುವಷ್ಟು ಮೆಲ್ಲಗೆ. ಎರಡು ರಾತ್ರಿಯಲ್ಲಿ ಕೈಗೆ ಬರುತ್ತದೆ.

ಚಿತ್ರ ನೀರಿನಡಿಯ ಕಲ್ಲಿನ ಹಾಗೆ ಕುದಿಯುತ್ತಿದ್ದರೆ ಟೆಲಿಸ್ಕೋಪನ್ನು ಬೈಯಬೇಡಿ. ಹಗಲೆಲ್ಲ ಕಾದ ತಾರಸಿಯ ಸಿಮೆಂಟು ರಾತ್ರಿ ಬಿಸಿ ಬಿಡುತ್ತಿರುತ್ತದೆ. ಒಂಬತ್ತು ಗಂಟೆಯ ಮೇಲೆ ನೋಡಿ. ಹಿತ್ತಲಿನ ಹುಲ್ಲು ನೆಲ ಇನ್ನೂ ಒಳ್ಳೆಯದು. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಬೇಕು.

ಗುರುಗ್ರಹದ ನಾಲ್ಕು ಚಂದ್ರರು 26 ಪಟ್ಟಿನಲ್ಲೇ ಸಾಲಾಗಿ ಕಾಣುತ್ತಾರೆ. ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಇವತ್ತು ಎಡಕ್ಕೆ ಮೂರು, ಬಲಕ್ಕೆ ಒಂದು ಅಂತ. ನಾಳೆ ಸಾಲು ಬದಲಾಗಿರುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೋ ಮಾಡಿದ್ದು ಇದನ್ನೇ, ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮಗೆ ಅಂಚು ತಿರುಗಿಸಿ ಗೆರೆಯಷ್ಟು ತೆಳುವಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಅತಿ ಅಗಲ. ಪಟದಲ್ಲಿ ನೋಡಿದ ಹಾಗೆ ದೊಡ್ಡದಾಗಿ ಕಾಣುವುದಿಲ್ಲ, ನಿಜ. ಪುಟ್ಟ ಚಿನ್ನದ ಮೂಗುತಿಯಷ್ಟು. ಆದರೆ ಅದು ಅಲ್ಲಿ ನಿಜವಾಗಿಯೂ ತೇಲುತ್ತಿದೆ, ಅದರ ಬೆಳಕೇ ನಿಮ್ಮ ಕಣ್ಣಿಗೆ ಬೀಳುತ್ತಿದೆ.

ಚಂದ್ರ, ಗ್ರಹಗಳಿಗೆ ನಗರದ ದೀಪ ಅಡ್ಡಿಯಲ್ಲ. ನೀಹಾರಿಕೆಗಳಿಗೆ, ಅಂದರೆ ಆಕಾಶದಲ್ಲಿ ಹರಡಿದ ಅನಿಲ, ಧೂಳಿನ ಮೋಡಗಳಿಗೆ, ಅಡ್ಡಿ. ಮಹಾವ್ಯಾಧನ, ಅಂದರೆ ಒರಾಯನ್ ನಕ್ಷತ್ರಪುಂಜದ, ಕತ್ತಿಯಲ್ಲಿರುವ ನೀಹಾರಿಕೆ ಬೆಂಗಳೂರಿನಿಂದಲೂ ತೆಳು ಹೊಗೆಯಂತೆ ಸಿಗುತ್ತದೆ, ಬಣ್ಣ ಇರುವುದಿಲ್ಲ. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಜಾಸ್ತಿ ತಿಳಿಯಾಗುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ಮೊಬೈಲ್ ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ.

ಮಳೆಗಾಲದ ಮಾತು. ಕರಾವಳಿ, ಮಲೆನಾಡಿನವರೇ, ಗಮನ ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ಟೆಲಿಸ್ಕೋಪಿಗೆ ಕೆಲಸ ಕಡಿಮೆ, ಆದರೆ ಬೂಷ್ಟಿಗೆ ಸುಗ್ಗಿ. ಐಪೀಸುಗಳನ್ನು ಸಿಲಿಕಾ ಜೆಲ್ ಚೀಲ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಕೊಳವೆಗೆ ಇಬ್ಬನಿ ಕೂತಿದ್ದರೆ ಒಣಗಿದ ಮೇಲೆಯೇ ಮುಚ್ಚಳ ಹಾಕಿ. ಕನ್ನಡಿಯ ಮೇಲೆ ಧೂಳು ಕಂಡರೆ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಸ್ವಲ್ಪ ಧೂಳಿನಿಂದ ಏನೂ ಆಗುವುದಿಲ್ಲ.

[ಮೇ ತಿಂಗಳ ಆಕಾಶದ ನಕ್ಷೆ. ಉತ್ತರದಿಂದ ದಕ್ಷಿಣಕ್ಕೆ ಒಂದು ಗೆರೆ.]

ಕೊನೆಗೆ ನನ್ನ ಅಚ್ಚುಮೆಚ್ಚಿನ ಗೆರೆ ತೋರಿಸುತ್ತೇನೆ. ಮೇ ತಿಂಗಳ ನಡುವೆ, ರಾತ್ರಿ ಹತ್ತರ ಹೊತ್ತಿಗೆ ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಒಂದು ಅಡ್ಡ ಮಳೆ ಬಂದು ಹೋದ ಮರುದಿನವಾದರೆ ಆಕಾಶ ತೊಳೆದ ಹಾಗಿರುತ್ತದೆ. ಕೈ ನೀಡಿ ಮುಷ್ಟಿ ಹಿಡಿಯಿರಿ, ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಚಿತ್ತಾದಿಂದ ನೇರ ಕೆಳಗೆ, ದಕ್ಷಿಣಕ್ಕೆ, ಮೂರೂವರೆ ಮುಷ್ಟಿ. ಅಲ್ಲಿ ಒಮೆಗಾ ಸೆಂಟಾರಿ ಇದೆ. ಸುಮಾರು 17,000 ಜ್ಯೋತಿರ್ವರ್ಷ ದೂರದ ನಕ್ಷತ್ರಗಳ ಉಂಡೆ. ಊರಾಚೆಯ ಕತ್ತಲಲ್ಲಿ 65 ಪಟ್ಟಿಗೆ ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಲಂಡನ್ನಿನಲ್ಲಿ ಇದು ಹುಟ್ಟುವುದೇ ಇಲ್ಲ. ನಮ್ಮ ತಾರಸಿಯಿಂದ 30 ಡಿಗ್ರಿ ಎತ್ತರ.

ಅದೇ ಗೆರೆಯಲ್ಲಿ ಉತ್ತರಕ್ಕೆ ತಿರುಗಿ. ಸಪ್ತರ್ಷಿಗಳ ಬಾಲದಲ್ಲಿ ತುದಿಯಿಂದ ಎರಡನೆಯವರು ವಸಿಷ್ಠ. ಪಕ್ಕದಲ್ಲಿ ಮಂಕಾಗಿ ಅರುಂಧತಿ.

ಹೋದ ಬೇಸಿಗೆಯಲ್ಲಿ ಅಜ್ಜಿಗೆ ಇದನ್ನು ತೋರಿಸಬೇಕು ಅನ್ನಿಸಿತು. ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಟೆಲಿಸ್ಕೋಪನ್ನೇ ಕೆಳಗೆ ತಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟೆ. ಅವರ ಮದುವೆಯಲ್ಲಿ ಪುರೋಹಿತರು ಅರುಂಧತಿ ತೋರಿಸಿದ್ದು ನಡು ಹಗಲಲ್ಲಂತೆ. "ಕಂಡಿತು" ಅಂದಿದ್ದರಂತೆ. ಈಗ ಕಣ್ಣಿಟ್ಟು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಅಲ್ಲ ಮಗಾ, ಇಲ್ಲಿ ವಸಿಷ್ಠರೇ ಇಬ್ಬರಿದ್ದಾರಲ್ಲೋ?"

ಹೌದು. ಬರಿಗಣ್ಣಿಗೆ ಒಂದಾಗಿ ಕಾಣುವ ವಸಿಷ್ಠ ಟೆಲಿಸ್ಕೋಪಿನಲ್ಲಿ ಎರಡು. ದೊಡ್ಡ ಉಪಕರಣಗಳಿಂದ ಅಳೆದರೆ ಆ ಎರಡರಲ್ಲಿ ಒಂದೊಂದೂ ಮತ್ತೆ ಜೋಡಿ. ಅರುಂಧತಿಗೂ ಒಂದು ಜೊತೆ ಇರುವುದು 2009ರಲ್ಲಿ ಗೊತ್ತಾಯಿತು. ಒಟ್ಟು ಆರು.

ನಾನು ಇದನ್ನೆಲ್ಲ ಹೇಳುತ್ತಿರುವಾಗ ನಕ್ಷತ್ರ ಜಾರಿ ಹೋಗಿತ್ತು. ನಾನು ಕೈ ಚಾಚುವ ಮೊದಲೇ ಅಜ್ಜಿ ಕೊಳವೆಯನ್ನು ಬೆರಳಿಂದ ಮೆಲ್ಲಗೆ ತಳ್ಳಿ, ಮತ್ತೆ ಹಿಡಿದರು.

[ಹಿತ್ತಲು. ಒಗೆಯುವ ಕಲ್ಲಿನ ಮೇಲೆ ಟೆಲಿಸ್ಕೋಪ್. ದೀಪ ಆರುತ್ತದೆ.]