ನಲವತ್ತರಲ್ಲಿ ಪ್ಲಂಬರ್ ಕೆಲಸ: ಮೊದಲ ವರ್ಷ ಕೈಯಾಳಾಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹದಿನೈದು ಇಪ್ಪತ್ತು ವರ್ಷ ಒಂದೇ ಕೆಲಸದಲ್ಲಿ ದುಡಿದು, ಕಾರ್ಖಾನೆ ಮುಚ್ಚಿತೆಂದೋ, ಅಂಗಡಿಯ ವ್ಯಾಪಾರ ಇಳಿಯಿತೆಂದೋ, ಗಲ್ಫ್ ದೇಶದ ನೌಕರಿ ಮುಗಿಯಿತೆಂದೋ ಮನೆಗೆ ಮರಳಿ, ಈಗ ನಲವತ್ತರ ಆಸುಪಾಸಿನಲ್ಲಿ ಪ್ಲಂಬರ್ ಕೆಲಸ ಕಲಿಯೋಣವೇ ಎಂದು ಯೋಚಿಸುತ್ತಿರುವವರನ್ನು ಕಣ್ಣಮುಂದೆ ಇಟ್ಟುಕೊಂಡು ನಾನು ಇಂದು ಮಾತನಾಡುತ್ತಿದ್ದೇನೆ. ಅವರ ಪಕ್ಕದಲ್ಲಿ ಕುಳಿತು, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಚಿಂತಿಸುತ್ತಿರುವ ಮನೆಯವರೂ ದಯವಿಟ್ಟು ಕೇಳಿ. ಪ್ಲಂಬಿಂಗ್ ಕಲಿಸುವ ಕೆಲಸದಲ್ಲಿ ನಾನು ಇಪ್ಪತ್ತಾರು ವರ್ಷ ಕಳೆದಿದ್ದೇನೆ. ನಲವತ್ತರಲ್ಲಿ ಈ ಕೆಲಸ ಕಲಿಯಬಹುದು, ಕಲಿತು ಗೌರವದಿಂದ ಸಂಸಾರ ನಡೆಸಬಹುದು. ಅದಕ್ಕೆ ನನ್ನ ಷರತ್ತು ಒಂದೇ: ಮೊದಲ ಒಂದು ವರ್ಷ ಒಬ್ಬ ಒಳ್ಳೆಯ ಮೇಸ್ತ್ರಿಯ ಕೆಳಗೆ ಕೈಯಾಳಾಗಿ ದುಡಿಯಬೇಕು.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡುವುದಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿ ಮನೆಗೂ ನಲ್ಲಿ ಕೊಡುವ, ತಲೆಗೆ ದಿನಕ್ಕೆ 55 ಲೀಟರ್ ನೀರು ಮುಟ್ಟಿಸುವ ಗುರಿ ಇಟ್ಟುಕೊಂಡಿತು. ನಲ್ಲಿ ಹಾಕಿದ ಮೇಲೆ ಅದು ಸೋರುತ್ತದೆ, ಪೈಪು ಒಡೆಯುತ್ತದೆ, ವಾಲ್ವು ಕೆಡುತ್ತದೆ. ಅದನ್ನು ಸರಿಪಡಿಸುವ ಕೈ ಊರಿನಲ್ಲಿಯೇ ಇರಬೇಕು. ನಗರಗಳಲ್ಲಿ ಇಪ್ಪತ್ತು ಮೂವತ್ತು ವರ್ಷದ ಹಿಂದೆ ಗೋಡೆಯೊಳಗೆ ಕೂತ ಜಿಐ ಪೈಪುಗಳು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪುಗಳು, ತುಕ್ಕು ಹಿಡಿದು ಒಳಗಿನಿಂದಲೇ ಕಟ್ಟಿಕೊಂಡಿವೆ, ಅವನ್ನೆಲ್ಲ ಬದಲಿಸಬೇಕಾಗಿದೆ. ಕೆಲಸ ಬೇಕಾದಷ್ಟಿದೆ. ಒಮ್ಮೆ ಮಾಡಿದ್ದು ಮತ್ತೆ ಸೋರದಂತೆ ಮಾಡುವವರು ಕಡಿಮೆ.

ನನ್ನನ್ನು ಕಾಣಲು ಬರುವ ಹಿರಿಯ ವಯಸ್ಸಿನ ಕಲಿಯುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆಯೊಂದಿದೆ. “ಸರ್, ಮೂರು ತಿಂಗಳಲ್ಲಿ ಆಗುವುದಿಲ್ಲವೇ? ಪೈಪು ಕತ್ತರಿಸುವುದು, ಅಂಟಿಸುವುದು, ಅಷ್ಟೇ ತಾನೇ?” ಈ ಮಾತು ಕೇಳಿದಾಗ ನನಗೆ ತಾಳ್ಮೆ ಉಳಿಯುವುದು ಕಷ್ಟವಾಗುತ್ತದೆ. ಪೈಪು ಕತ್ತರಿಸಿ ಅಂಟಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕಲಿಯಲು ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಬೇಕು. ಅದೂ ಹತ್ತಾರು ಬೇರೆ ಬೇರೆ ಮನೆಗಳಲ್ಲಿ. ಇದನ್ನು ವಿವರಿಸಲು ನನ್ನ ಒಬ್ಬ ಶಿಷ್ಯರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ಕೊಡಿ.

ಅವರಿಗೆ ಆಗ ನಲವತ್ತೊಂದು ವರ್ಷ. ಹದಿನೆಂಟು ವರ್ಷ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ಬರೆಯುತ್ತಿದ್ದವರು. ಸಂಸ್ಥೆ ಮುಚ್ಚಿತು, ಕೈಗೆ ಒಂದಿಷ್ಟು ಹಣ ಬಂತು. ಅವರು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ, ಪೈಪ್ ರೆಂಚು, ಡ್ರಿಲ್ಲಿಂಗ್ ಯಂತ್ರ, ಗೋಡೆ ಕೊರೆಯುವ ಯಂತ್ರ ಎಲ್ಲವನ್ನೂ ಕೊಂಡರು. ಮೊದಲ ಕೆಲಸವಾಗಿ ತಮ್ಮ ಭಾವನವರ ಮನೆಯ ಬಚ್ಚಲುಮನೆಯನ್ನು ಒಪ್ಪಿಕೊಂಡು, ಗೋಡೆ ಕೊರೆದು, ಬಿಸಿನೀರಿಗೂ ತಣ್ಣೀರಿಗೂ ಸಿಪಿವಿಸಿ ಎಂಬ, ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನ ಹೊಸ ಪೈಪು ಹಾಕಿದರು. ಕೆಲಸ ನೋಡಲು ಅಚ್ಚುಕಟ್ಟಾಗಿತ್ತು. ಗಾರೆಯವರು ಮರುದಿನವೇ ಗೋಡೆ ಮುಚ್ಚಿದರು, ಅದರ ಮೇಲೆ ಟೈಲ್ಸ್ ಕೂತಿತು, ನಲ್ಲಿ ತಿರುಗಿಸಿದರೆ ನೀರು ಬಂತು. ಎಲ್ಲರಿಗೂ ಸಂತೋಷವಾಯಿತು.

ಎರಡು ತಿಂಗಳ ನಂತರ ಭಾವನವರು ಶವರಿನಲ್ಲಿ ನೀರು ರಭಸವಾಗಿ ಬರಲೆಂದು ತಾರಸಿಯಲ್ಲಿ ಒಂದು ಪ್ರೆಷರ್ ಪಂಪು ಹಾಕಿಸಿದರು. ಅದಾದ ಮೂರನೆಯ ದಿನ ಬಚ್ಚಲುಮನೆಯ ಹಿಂದಿನ ಮಲಗುವ ಕೋಣೆಯ ಗೋಡೆಯಲ್ಲಿ ಅಂಗೈ ಅಗಲದ ಒದ್ದೆ ಕಾಣಿಸಿತು. ವಾರ ತುಂಬುವುದರೊಳಗೆ ಬಣ್ಣ ಉಬ್ಬಿ ಉದುರತೊಡಗಿತು. ನನ್ನ ಶಿಷ್ಯರು ಇನ್ನೂ ನನ್ನ ಶಿಷ್ಯರಾಗಿರಲಿಲ್ಲ. ಅವರ ಪರಿಚಿತರೊಬ್ಬರು ನನಗೆ ಕರೆ ಮಾಡಿದರು, ನಾನು ಹೋದೆ. ಆರು ಟೈಲ್ಸ್ ಒಡೆದ ಮೇಲೆ ಕಾರಣ ಸಿಕ್ಕಿತು. ಒಂದು ಎಲ್ಬೋಗೆ, ಅಂದರೆ ಪೈಪು ತಿರುಗುವ ಕಡೆ ಹಾಕುವ ಮೊಣಕೈಯಾಕಾರದ ಜೋಡಣೆಗೆ, ಸಲ್ಯೂಷನ್ ಎಂಬ ಅಂಟನ್ನು ಹಚ್ಚಿಯೇ ಇರಲಿಲ್ಲ. ಅಳತೆ ನೋಡಲು ಅಂಟು ಹಚ್ಚದ ಪೈಪನ್ನು ಹಾಗೆಯೇ ಕೂರಿಸಿ ನೋಡುತ್ತೇವಲ್ಲ, ಆ ಜೋಡಣೆ ಹಾಗೆಯೇ ಉಳಿದುಹೋಗಿತ್ತು. ಸಿಪಿವಿಸಿ ಪೈಪು ಅಂಟಿಲ್ಲದಿದ್ದಾಗಲೂ ಫಿಟ್ಟಿಂಗಿನೊಳಗೆ ಬಿಗಿಯಾಗಿಯೇ ಕೂರುತ್ತದೆ, ಅಂಟಿಸಿದ್ದಕ್ಕೂ ಅಂಟಿಸದ್ದಕ್ಕೂ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ.

ಎರಡು ತಿಂಗಳು ಅದು ಏಕೆ ಸೋರಲಿಲ್ಲ? ಇಲ್ಲಿಯೇ ನೀರಿನ ನಡತೆ ಬರುತ್ತದೆ. ಹತ್ತು ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಕೊಡುತ್ತದೆ. ಆ ಮನೆಯ ತಾರಸಿಯ ಟ್ಯಾಂಕು ಆ ಎಲ್ಬೋಗಿಂತ ಮೂರು ಮೀಟರ್ ಮೇಲಿತ್ತು, ಅಂದರೆ ಅಲ್ಲಿನ ಒತ್ತಡ ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಅಷ್ಟನ್ನು ಅಂಟಿಲ್ಲದ ಆ ಜೋಡಣೆ ತಡೆದುಕೊಂಡಿತು. ಪಂಪು ಬಂದ ಮೇಲೆ ಒತ್ತಡ ಎರಡು ಕೆ.ಜಿ.ಗೆ ಏರಿತು, ಜೋಡಣೆ ಬಿಟ್ಟುಕೊಂಡಿತು. ಗೋಡೆ ಮುಚ್ಚುವ ಮೊದಲು, ಸಲ್ಯೂಷನ್ ಒಂದು ದಿನ ಒಣಗಲು ಬಿಟ್ಟು, ಕೈಪಂಪಿನಿಂದ ಪೈಪಿಗೆ ನೀರು ತುಂಬಿ, ಬಳಕೆಯ ಒತ್ತಡಕ್ಕಿಂತ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಿದ್ದರೆ ಆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಈ ಪರೀಕ್ಷೆಯ ವಿಡಿಯೊವನ್ನೂ ಅವರು ನೋಡಿದ್ದರು. ಆದರೆ ಅದನ್ನು ಮಾಡದೆ ಮುಂದೆ ಹೋಗಬೇಡ ಎಂದು ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇರಲಿಲ್ಲ.

ಅವರು ನನ್ನ ಬಳಿ ಬಂದಾಗ, ಈ ಕೆಲಸ ನನಗೆ ಆಗದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು. ನಾನು ಅವರನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಬಳಿಗೆ ಕಳುಹಿಸಿದೆ. ಆ ಮೇಸ್ತ್ರಿಗೆ ಇಪ್ಪತ್ತಾರು ವರ್ಷ, ಕೈಯಾಳಿಗೆ ನಲವತ್ತೊಂದು. ಮೊದಲ ದಿನ ಇಬ್ಬರಿಗೂ ಸಂಕೋಚವಾಯಿತು. ಕಿರಿಯರು ಇವರನ್ನು “ಅಣ್ಣಾ” ಎಂದು ಕರೆದರು, ಇವರು ಕಿರಿಯರನ್ನು “ಮೇಸ್ತ್ರಿ” ಎಂದೇ ಕರೆದರು, ಅಲ್ಲಿಗೆ ಸಂಕೋಚ ಮುಗಿಯಿತು. ಮೊದಲ ಎರಡು ತಿಂಗಳು ಇವರು ಸಾಮಾನು ಹೊತ್ತರು, ಗೋಡೆ ಕೊರೆದರು, ದೂಳು ಗುಡಿಸಿದರು, ಪೈಪಿನ ಕತ್ತರಿಸಿದ ಬಾಯಿಯ ಚೂರುಗಳನ್ನು ಉಜ್ಜಿ ನುಣುಪು ಮಾಡಿದರು. ಆ ಹೊತ್ತಿನಲ್ಲಿ ಕಣ್ಣು ಕಲಿಯುತ್ತಿತ್ತು. ಮೇಸ್ತ್ರಿ ಸಲ್ಯೂಷನ್ ಹಚ್ಚಿ, ಪೈಪನ್ನು ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಹತ್ತು ಎಣಿಸುವವರೆಗೆ ಬಿಗಿಯಾಗಿ ಹಿಡಿದು, ಕೈಬಿಟ್ಟ ಕೂಡಲೇ ಆ ಜೋಡಣೆಯ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯಿಲ್ಲದ ಜೋಡಣೆ ಅಂಟಿಸದ ಜೋಡಣೆ. ಆ ಒಂದು ಗೆರೆ ಇವರ ಭಾವನವರ ಮನೆಯ ಗೋಡೆಯನ್ನು ಉಳಿಸಬಹುದಿತ್ತು. ಅಂತಹ ನೂರು ಗೆರೆಗಳು ಕೆಲಸದ ಜಾಗದಲ್ಲಿವೆ, ಒಬ್ಬರ ಪಕ್ಕದಲ್ಲಿ ವರ್ಷವಿಡೀ ನಿಂತವರಿಗೆ ಮಾತ್ರ ಅವು ಕಾಣುತ್ತವೆ.

ಆ ವರ್ಷದ ಕೊನೆಯಲ್ಲಿ ಕೈಯಾಳೇ ಮೇಸ್ತ್ರಿಗೆ ಒಂದು ವಿದ್ಯೆ ಕಲಿಸಿದರು, ನನಗೆ ಈ ಕಥೆ ಪ್ರಿಯವಾಗಿರುವುದೂ ಅದಕ್ಕಾಗಿಯೇ. ಲೆಕ್ಕಪತ್ರ ಬರೆದು ಅಭ್ಯಾಸವಿದ್ದ ಅವರು ಪ್ರತಿ ಮನೆಗೂ ಒಂದು ಪುಟ ತೆರೆದರು. ಗೋಡೆ ಮುಚ್ಚುವ ಮೊದಲು ಪೈಪಿನ ಪಕ್ಕದಲ್ಲಿ ಅಳತೆ ಟೇಪು ಹಿಡಿದು ಚಿತ್ರ ತೆಗೆದು, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ, ಯಾವ ವಾಲ್ವು ಯಾವ ಕೋಣೆಗೆ ಎಂದು ಬರೆದು, ಒಂದು ಪ್ರತಿಯನ್ನು ಮನೆಯವರಿಗೆ ಕೊಟ್ಟರು. ಮುಂದೆ ಆ ಗೋಡೆಗೆ ಮೊಳೆ ಹೊಡೆಯುವವರು ಪೈಪಿಗೆ ಹೊಡೆಯುವುದಿಲ್ಲ. ಇಂದು ಅವರು ಸ್ವತಂತ್ರವಾಗಿ ಕೆಲಸ ಮಾಡುತ್ತಾರೆ, ಜನ ಅವರನ್ನು ಹುಡುಕಿಕೊಂಡು ಬರುವುದು ಆ ಪುಟಕ್ಕಾಗಿ. ನಿಮ್ಮ ಹಿಂದಿನ ಇಪ್ಪತ್ತು ವರ್ಷ ವ್ಯರ್ಥವಾಗುವುದಿಲ್ಲ. ಅಂಗಡಿ ನಡೆಸಿದವರಿಗೆ ದರಪಟ್ಟಿ ಬರೆಯಲು ಬರುತ್ತದೆ, ಹೊಲಿಗೆ ಕಾರ್ಖಾನೆಯಲ್ಲಿದ್ದವರಿಗೆ ಅಳತೆಯ ಶಿಸ್ತಿದೆ, ಬಸ್ಸು ಓಡಿಸಿದವರಿಗೆ ವೇಳೆಗೆ ಸರಿಯಾಗಿ ತಲುಪುವ ಅಭ್ಯಾಸವಿದೆ. ಆದರೆ ಇದರ ಫಲ ಕೈಯಾಳಿನ ವರ್ಷ ಮುಗಿದ ಮೇಲೆ ಸಿಗುತ್ತದೆ, ಅದಕ್ಕೆ ಮೊದಲಲ್ಲ.

ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಪಟ್ಟಾಮುಂಡಾಯಿ ಎಂಬ ಊರಿನ ಹೆಸರನ್ನು ಬಹಳ ಕೇಳುಗರು ಕೇಳಿರಲಿಕ್ಕಿಲ್ಲ. ಬ್ರಿಟಿಷರ ಕಾಲದಲ್ಲಿ ಕೋಲ್ಕತ್ತಾಕ್ಕೆ ಹೋಗಿ ಈ ಕೆಲಸ ಕಲಿತ ಅಲ್ಲಿನ ಜನ ಇಂದು ದೇಶದ ದೊಡ್ಡ ನಗರಗಳಿಗೆಲ್ಲ ಪ್ಲಂಬರುಗಳನ್ನು ಕಳುಹಿಸುತ್ತಿದ್ದಾರೆ, ನಮ್ಮ ಬೆಂಗಳೂರಿನಲ್ಲಿಯೂ ಅವರಿದ್ದಾರೆ. ಚಿಕ್ಕಪ್ಪನ ಕೆಳಗೆ, ಅಣ್ಣನ ಕೆಳಗೆ, ಊರಿನ ಹಿರಿಯರ ಕೆಳಗೆ ಕೈಯಾಳಾಗಿಯೇ ಅವರು ತಲೆಮಾರುಗಳಿಂದ ಕಲಿತರು. ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆ ಆ ಊರಿಗೆ ಬಂದದ್ದು ಬಹಳ ತಡವಾಗಿ.

ಸಮಯ ಕಡಿಮೆ ಉಳಿದಿರುವುದರಿಂದ ತರಬೇತಿಯ ಮಾತನ್ನು ಬೇಗ ಹೇಳುತ್ತೇನೆ. ಐಟಿಐಗಳಲ್ಲಿ ಪ್ಲಂಬರ್ ವೃತ್ತಿಯ ತರಬೇತಿ ಒಂದು ವರ್ಷದ್ದು. ಸಹಪಾಠಿಗಳು ನಿಮ್ಮ ಮಕ್ಕಳ ವಯಸ್ಸಿನವರಿರುತ್ತಾರೆ, ಅದಕ್ಕೆ ನಾಚಬೇಕಾಗಿಲ್ಲ. ವರ್ಷವಿಡೀ ತರಗತಿಗೆ ಹೋಗಲಾಗದವರಿಗೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇವು ದೇಶದಾದ್ಯಂತ ಬೆಳೆದವು. ಅಲ್ಲಿ ಊಟ, ವಸತಿ, ತರಬೇತಿ ಎಲ್ಲವೂ ಉಚಿತ, ಪ್ಲಂಬಿಂಗ್ ತರಬೇತಿ ಸುಮಾರು ಒಂದು ತಿಂಗಳಿನದು. ಆ ಒಂದು ತಿಂಗಳನ್ನು ಮುಗಿಸಿ ಪ್ರಮಾಣಪತ್ರ ಹಿಡಿದು ನೇರವಾಗಿ ಗುತ್ತಿಗೆ ಹಿಡಿಯಬೇಡಿ. ಅದು ಕೈಯಾಳಿನ ವರ್ಷಕ್ಕೆ ಪೀಠಿಕೆ ಮಾತ್ರ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ನೆರವು ಸಿಗುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದಾಗ ಆ ಯೋಜನೆ ಪಟ್ಟಿ ಮಾಡಿದ 18 ಕಸುಬುಗಳಲ್ಲಿ ಪ್ಲಂಬಿಂಗ್ ಇರಲಿಲ್ಲ.

ಕೈಯಾಳಿನ ದಿನಗಳಿಗೆ ಸರ್ಕಾರದ ಲೆಕ್ಕದಲ್ಲಿಯೂ ಬೆಲೆಯಿದೆ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗಿರಬೇಕು. ಪ್ಲಂಬಿಂಗ್ ಕೆಲಸವೂ ಇದರಲ್ಲಿ ಸೇರಿದೆ. ಕೆಲಸಕ್ಕೆ ಹೋದ ದಿನಗಳನ್ನು ಬರೆದಿಟ್ಟುಕೊಳ್ಳಿ.

ಮಹಿಳೆಯರು ಈ ಕೆಲಸಕ್ಕೆ ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಗಲು ಹೊತ್ತು ಒಬ್ಬರೇ ಇರುವ ಎಷ್ಟೋ ಗೃಹಿಣಿಯರು, ವೃದ್ಧೆಯರು ಮನೆಯೊಳಗೆ ಬರಲು ಒಬ್ಬ ಮಹಿಳಾ ಪ್ಲಂಬರ್ ಸಿಕ್ಕರೆ ಒಳ್ಳೆಯದಿತ್ತು ಎಂದು ನನ್ನೊಡನೆ ಹೇಳಿದ್ದಾರೆ. ಇನ್ನು ಮೊಣಕಾಲು, ಸೊಂಟದ ಮಾತು: ಸಿಂಕಿನ ಕೆಳಗೆ ಗಂಟೆಗಟ್ಟಲೆ ಮಂಡಿಯೂರುವ ಕೆಲಸವಿದು, ಮೊದಲ ದಿನದಿಂದಲೇ ಮಂಡಿಯ ಕೆಳಗೆ ದಪ್ಪ ಮೆತ್ತೆ ಇಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಮೇಸ್ತ್ರಿ ಹೇಳಿದರೂ ಕೇಳಬೇಡಿ. ಶೌಚಗುಂಡಿಗೆ, ಒಳಚರಂಡಿಯ ಮ್ಯಾನ್‌ಹೋಲಿಗೆ ಇಳಿಯಬೇಡಿ. ಅಲ್ಲಿ ತುಂಬಿರುವ ವಿಷಾನಿಲ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎಳೆಯಲು ಹೋದವರೂ ಅಲ್ಲಿಯೇ ಬೀಳುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸಿ ಸ್ವಚ್ಛಗೊಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆ ಕೆಲಸಕ್ಕೆ ಯಂತ್ರವಿದೆ, ವಾಹನವಿದೆ. ಎಷ್ಟು ಹಣ ಕೊಡುತ್ತೇನೆಂದರೂ, ಎಷ್ಟು ಆತ್ಮೀಯರು ಕೇಳಿದರೂ ಇಳಿಯಬೇಡಿ.

ಮೇಸ್ತ್ರಿಯನ್ನು ಹುಡುಕುವುದು ಹೇಗೆ ಎಂಬುದು ಕೊನೆಯ ಮಾತು. ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕೊಂಡ ಸಾಮಾನನ್ನು ಕಡಿಮೆ ಹಿಂದಿರುಗಿಸುವ ಪ್ಲಂಬರ್ ಯಾರು ಎಂದು ಕೇಳಿ. ಅಳತೆ ಸರಿಯಾಗಿ ತೆಗೆಯುವವರು ಎಷ್ಟು ಬೇಕೋ ಅಷ್ಟನ್ನೇ ಒಯ್ಯುತ್ತಾರೆ, ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಅವರ ಬಳಿಗೆ ಹೋಗುವ ಮೊದಲು, ನಾಳೆ ಬೆಳಿಗ್ಗೆ ನಿಮ್ಮದೇ ಮನೆಯ ತಾರಸಿಗೆ ಹತ್ತಿ. ಟ್ಯಾಂಕಿನಿಂದ ಹೊರಟ ಪೈಪು ಎಲ್ಲಿ ಇಳಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ, ಯಾವ ವಾಲ್ವು ಮುಚ್ಚಿದರೆ ಯಾವ ನಲ್ಲಿ ನಿಲ್ಲುತ್ತದೆ, ಬಚ್ಚಲಿನ ನೀರು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿ, ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಮೇಸ್ತ್ರಿಯ ಮುಂದೆ ನಿಂತಾಗ ಆ ಹಾಳೆಯನ್ನು ಕೊಟ್ಟು, ಒಂದು ವರ್ಷ ನಿಮ್ಮ ಕೈಯಾಳಾಗಿರುತ್ತೇನೆ ಎಂದು ಹೇಳಿ.

ನಮಸ್ಕಾರ.